ಕೀಲೆಣ್ಣೆಯಿಂದ ಕೆಂಪೆಣ್ಣೆಗೆ

ಸಂತೇಬೆನ್ನೂರಿಗೆ ಬಂದವರು ಪುಷ್ಕರಣಿಯ ನಡುವಿನ ವಸಂತ ಮಂಟಪದ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಕೆಂಗ ಹನುಮಪ್ಪನಾಯಕ ಕಟ್ಟಿಸಿದ ಆ ಕೊಳದ ಪಕ್ಕದಲ್ಲೇ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಕಾಲದ ಮುಸಾಫಿರ್‌ಖಾನೆ ಇದೆ, ಅಂದರೆ ದಾರಿಹೋಕರ ತಂಗುಮನೆ. ಊರ ಹೆಸರಿನಲ್ಲೇ ಸಂತೆ, ಊರೊಳಗೆ ಮುಸಾಫಿರ್‌ಖಾನೆ. ಬಂಡಿಗಳು ಬಂದು ಹೋದ ಊರಿದು. ಆದರೆ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ನಾಯಕರೂ ಖಾನರೂ ಸಿಗುತ್ತಾರೆ, ಬಂಡಿಯ ಅಚ್ಚಿಗೆ ಏನು ಹಚ್ಚುತ್ತಿದ್ದರು ಎಂಬುದು ಸಿಗುವುದು ಅಪರೂಪ.

ಹಚ್ಚುತ್ತಿದ್ದದ್ದು ಕೀಲೆಣ್ಣೆ. ಔಡಲ ಎಣ್ಣೆಗೆ, ಮೈಸೂರು ಕಡೆಯವರ ಮಾತಿನಲ್ಲಿ ಹರಳೆಣ್ಣೆಗೆ, ಹುಲ್ಲು ಸುಟ್ಟ ಕರಿ ಬೆರೆಸಿದ ಮಂದವಾದ ಮಸಿ. ಅದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಯ ಕೆಳಗೆ ತೂಗುಹಾಕಿಕೊಳ್ಳುತ್ತಿದ್ದರು. ಗಾಲಿ ಕಿರುಗುಟ್ಟಿದರೆ ಕಡಾಣಿ ಕಿತ್ತು, ಗಾಲಿ ಸರಿಸಿ, ಅಚ್ಚಿಗೆ ಬಳಿದರೆ ಮುಗಿಯಿತು. ಯಾವಾಗ ಹಾಕಬೇಕು ಎಂದು ಯಾರನ್ನೂ ಕೇಳಬೇಕಿರಲಿಲ್ಲ, ಕಿವಿಯೇ ಹೇಳುತ್ತಿತ್ತು. ಇದೇ ಔಡಲ ಎಣ್ಣೆ ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳಲ್ಲೂ ಉರಿಯಿತು. 1909ರಲ್ಲಿ ಹುಟ್ಟಿದ ಕ್ಯಾಸ್ಟ್ರಾಲ್ ಎಂಬ ಹೆಸರಿನೊಳಗೆ ಇರುವುದೂ ಕ್ಯಾಸ್ಟರ್, ನಮ್ಮ ಔಡಲವೇ.

ನನಗೆ ಈ ಎಣ್ಣೆಯ ಗುಂಗು ಹಿಡಿದದ್ದು ದೊಡ್ಡಪ್ಪನ ಮಗನ ಕಾರಿನಿಂದ. ಅಣ್ಣನಿಗೆ ಚಿಕ್ಕಂದಿನಿಂದ ಎಡಗಾಲಿನಲ್ಲಿ ಬಲವಿಲ್ಲ, ಕ್ಲಚ್ ತುಳಿಯಲಾಗದು. ಬೆಂಗಳೂರಿನಲ್ಲಿ ಯಾರೋ ಹದಿನಾಲ್ಕು ವರ್ಷ ಓಡಿಸಿ ಮಾರಿದ ಆಟೋಮ್ಯಾಟಿಕ್ ಕಾರೇ ಅವನ ಕಾಲು. ತೋಟಕ್ಕೆ, ಚನ್ನಗಿರಿಯ ಅಡಿಕೆ ಮಾರುಕಟ್ಟೆಗೆ, ಮಗಳ ಶಾಲೆಗೆ ಅದೇ. ಕಳೆದ ವರ್ಷ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಜಗ್ಗತೊಡಗಿತು. ಒಬ್ಬ ಮೆಕ್ಯಾನಿಕ್, ‘ಹಳೇ ಎಣ್ಣೆ ಮುಟ್ಟಬ್ಯಾಡ್ರಿ ಅಣ್ಣಾ, ಇದ್ದಂಗ ಓಡಿಸ್ರಿ’ ಎಂದ. ಇನ್ನೊಬ್ಬರು ಇದು ಜೀವಮಾನದ ಎಣ್ಣೆ, ಬದಲಿಸುವ ಮಾತೇ ಇಲ್ಲ ಎಂದರು. ಗೇರ್‌ಬಾಕ್ಸ್ ಕೆಟ್ಟರೆ ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತಿತ್ತು.

ಕ್ಲಚ್ ಪೆಡಲ್ ಇಲ್ಲದ ಕಾರಿಗೂ ನಡೆಯಲಾಗದ ಕಾಲಿಗೂ ನಂಟು ಹಳೆಯದು. ಜನರಲ್ ಮೋಟಾರ್ಸ್ ಕಂಪನಿ 1939ರಲ್ಲಿ, 1940ರ ಓಲ್ಡ್ಸ್‌ಮೊಬಿಲ್ ಕಾರುಗಳಿಗಾಗಿ, ಹೈಡ್ರಾಮ್ಯಾಟಿಕ್ ಎಂಬ ಗೇರ್‌ಬಾಕ್ಸ್ ಹೊರತಂದಿತು. ಯುದ್ಧ ಬಂದಾಗ ಅದು ಎಂ5 ಸ್ಟುವರ್ಟ್ ಟ್ಯಾಂಕಿನೊಳಗೂ ಕೂತಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಕಾಲು ಕಳೆದುಕೊಂಡ ಅಮೆರಿಕದ ಸೈನಿಕರಿಗೆ ಕಾರು ಕೊಳ್ಳಲು 1,600 ಡಾಲರ್‌ವರೆಗೆ ಕೊಡುವ ಕಾನೂನಾಯಿತು. ನಮ್ಮಲ್ಲಿ ಆಗ, ಅದಾದ ಎಷ್ಟೋ ದಶಕ, ಕಾರೆಂದರೆ ಕ್ಲಚ್ ಇದ್ದದ್ದೇ.

ಈ ಗೇರ್‌ಬಾಕ್ಸಿಗೆ ಸಾಮಾನ್ಯ ಎಣ್ಣೆ ಸಾಲದು. ಅದು ಒತ್ತಡವನ್ನು ಸಾಗಿಸಬೇಕು, ಬಿಸಿ ಹೊರಬೇಕು, ಲೋಹಗಳನ್ನು ಜಾರಿಸಬೇಕು; ಅದರೊಳಗೇ ಮುಳುಗಿರುವ ಕ್ಲಚ್ ಬಿಲ್ಲೆಗಳು ಮಾತ್ರ ಜಾರದೆ, ಜಗ್ಗದೆ ಹಿಡಿಯಬೇಕು. 1949ರಲ್ಲಿ ಜನರಲ್ ಮೋಟಾರ್ಸ್ ಇದಕ್ಕೆಂದೇ ‘ಟೈಪ್ ಎ’ ಎಂಬ ಎಣ್ಣೆಯ ಮಾನದಂಡ ಗೊತ್ತುಮಾಡಿತು. ಸೋರಿದರೆ ಎಂಜಿನ್ ಆಯಿಲ್ ಅಲ್ಲವೆಂದು ಗುರುತು ಸಿಗಲಿ ಎಂದು ಇಂಥ ಎಣ್ಣೆಗೆ ಕೆಂಪು ಬಣ್ಣ ಹಾಕುತ್ತಾರೆ. ಆ ಹದವಾದ ಹಿಡಿತ ಕೊಡುತ್ತಿದ್ದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. ಅದು ನಮ್ಮ ಅಡುಗೆಮನೆಯ ಎಣ್ಣೆಗಳಂತೆ ಕೊಬ್ಬಲ್ಲ, ದ್ರವರೂಪದ ಮೇಣ. ಹಡಗಿನ ಕಾಲದ ದೀಪದೆಣ್ಣೆ ಮುಗಿಯಿತು ಎಂದುಕೊಂಡ ಮೇಲೂ ತಿಮಿಂಗಿಲ ಸಾಯುತ್ತಲೇ ಇತ್ತು, ಕಾರಿನ ಹೊಟ್ಟೆಯೊಳಗೆ ಯಾರಿಗೂ ಕಾಣದಂತೆ. 1970ರಲ್ಲಿ ಅಮೆರಿಕ ಅದನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿ ಆಮದು ನಿಲ್ಲಿಸಿತು. ರಸಾಯನಶಾಸ್ತ್ರಜ್ಞರು ಬದಲಿಗೆ ಪರದಾಡಿದರು. ಬದಲಿ ಎಣ್ಣೆಗಳಲ್ಲಿ ಕೆಲವು, ಎಣ್ಣೆ ತಣಿಸುವ ಕೊಳವೆಗಳನ್ನೇ ತಿಂದವು. ಅಂಥದೇ ಮೇಣ ಕೊಡುವ ಹೊಹೊಬಾ ಎಂಬ ಮರುಭೂಮಿಯ ಗಿಡ ಹೆಸರು ಮಾಡಿದ್ದು ಆಗಲೇ.

ಜೀವಮಾನದ ಎಣ್ಣೆಯ ಮಾತು ಬಂದದ್ದು ಆಮೇಲೆ. ಮಟ್ಟ ನೋಡುವ ಕಡ್ಡಿಯನ್ನೇ ಎಷ್ಟೋ ಕಾರುಗಳಿಂದ ತೆಗೆದರು. ಆದರೆ ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೆ ಎಣ್ಣೆ ಬದಲಿಸಿ ಎನ್ನುತ್ತದೆ. ಯಾರ ಜೀವಮಾನ ಎಂದು ಕೇಳಬೇಕಿತ್ತು: ಮೊದಲ ಕೊಳ್ಳುಗನದೋ, ಕಾರಿನದೋ?

ಕೊನೆಗೆ ದಾವಣಗೆರೆಯ ಒಬ್ಬ ಹಿರಿಯ ಮೆಕ್ಯಾನಿಕ್ ಒಪ್ಪಿದರು. ಮೊದಲು ಎರಡು ಹನಿ ಎಣ್ಣೆ ಬಿಳಿ ಕಾಗದದ ಮೇಲೆ ಬಿಟ್ಟು ಮೂಸಿದರು. ಕಂದಾಗಿತ್ತು, ಆದರೆ ಸುಟ್ಟ ವಾಸನೆಯಿರಲಿಲ್ಲ. ಸುಟ್ಟಿದ್ದರೆ ಕ್ಲಚ್ ಬಿಲ್ಲೆಗಳೇ ಸವೆದಿರುತ್ತವೆ, ಹೊಸ ಎಣ್ಣೆಯಿಂದ ಪ್ರಯೋಜನವಿಲ್ಲ ಎಂದರು. ‘ಮುಟ್ಟಬ್ಯಾಡ್ರಿ’ ಎಂದವನ ಭಯದ ಬೇರೂ ಅಲ್ಲೇ ಇದ್ದಿರಬೇಕು. ಕೆಳಗಿನ ತಟ್ಟೆ ಬಿಚ್ಚಿದಾಗ ಅದರ ಅಯಸ್ಕಾಂತಗಳಿಗೆ ಬೂದು ಬಣ್ಣದ ನುಣ್ಣನೆ ಕೆಸರು ಅಂಟಿತ್ತು. ಕೆಸರು ಸಹಜ, ಲೋಹದ ಚೂರು ಸಿಕ್ಕರೆ ಗಂಡಾಂತರ. ಚೂರಿರಲಿಲ್ಲ. ಹಳೆಯ ಫಿಲ್ಟರ್, ಗ್ಯಾಸ್ಕೆಟ್ ತೆಗೆದು ಹೊಸದು ಕೂರಿಸಿದರು. ಹೊರಬಂದ ಎಣ್ಣೆಯನ್ನು ಅಳೆದರು, ಮೂರೂವರೆ ಲೀಟರ್. ಕೈಪಿಡಿಯಲ್ಲಿ ಹೇಳಿದ ಜಾತಿಯ ಎಣ್ಣೆಯನ್ನೇ ಅಷ್ಟೇ ಸುರಿದು, ಗೇರುಗಳನ್ನೆಲ್ಲ ಒಮ್ಮೆ ಹಾಕಿ ನೋಡಿ, ಬಿಸಿಯಾದ ಮೇಲೆ ಮಟ್ಟ ನೋಡಿದರು. ಒಳಗೆ ಟಾರ್ಕ್ ಕನ್ವರ್ಟರಿನಲ್ಲಿ ಹಳೆಯದು ಉಳಿದೇ ಇರುತ್ತದೆ. ಮೂರು ಸಾವಿರ ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬರಲು ಹೇಳಿದರು. ಅಣ್ಣ ಹೋಗಿ ಬಂದ. ಜಗ್ಗುವುದು ಪೂರ್ತಿ ನಿಂತಿಲ್ಲ, ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ಒಮ್ಮೆ ಇರುತ್ತದೆ.

ಅಂದು ಇಳಿಸಿದ ಕಪ್ಪು ಎಣ್ಣೆಯನ್ನು ಗ್ಯಾರೇಜಿಗೆ ಬಂದಿದ್ದ ರೈತರೊಬ್ಬರು ಕ್ಯಾನಿಗೆ ತುಂಬಿಸಿಕೊಂಡರು. ದನದ ಕೊಟ್ಟಿಗೆಯ ಕಂಬಗಳಿಗೆ ಗೆದ್ದಲು ಹತ್ತಿದೆಯಂತೆ, ಬಳಿಯುವುದಕ್ಕೆ.