ಕಡಲಡಿಯಲ್ಲಿ ಕಳೆದುಹೋಗುವ ಕೆಂಪು

ರಜೆಯಲ್ಲಿ ಹವಳದ ದಿಬ್ಬಗಳ ಬಳಿ ಮುಳುಗಿ, ಪುಟ್ಟ ಕ್ಯಾಮೆರಾದಲ್ಲಿ ಮೀನುಗಳ ಚಿತ್ರ ತೆಗೆದವರ ದೂರನ್ನು ನೀವು ಕೇಳಿರಬಹುದು: ಎಲ್ಲವೂ ನೀಲಿ! ಇದು ಕ್ಯಾಮೆರಾದ ದೋಷವಲ್ಲ. 650 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು ಶುದ್ಧ ನೀರಿನಲ್ಲಿ 10 ಮೀಟರ್ ಸಾಗುವಷ್ಟರಲ್ಲಿ ಸುಮಾರು ಶೇಕಡ 3ರಷ್ಟು ಮಾತ್ರ ಉಳಿಯುತ್ತದೆ. ನೀಲಿ ಬೆಳಕು ಬಹುಪಾಲು ಹಾಗೆಯೇ ಇರುತ್ತದೆ.

1893ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್ ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿ ಚಿತ್ರ ತೆಗೆದರು. ಅವು ಕಪ್ಪು-ಬಿಳುಪು ಚಿತ್ರಗಳು. ಆದರೆ ಫ್ಲಾರಿಡಾದ ಡ್ರೈ ಟಾರ್ಟುಗಾಸ್ ದ್ವೀಪಗಳಲ್ಲಿ ಮೀನುಗಳ ಬಣ್ಣವನ್ನೇ ಅಭ್ಯಸಿಸುತ್ತಿದ್ದ ವಿಲಿಯಂ ಲಾಂಗ್ಲಿಯವರಿಗೆ ಅಷ್ಟು ಸಾಲದು. ಅಂದಿನ ಬಣ್ಣದ ಫಲಕಗಳಿಗೆ ಬೇಕಾದಷ್ಟು ಬೆಳಕು ನೀರಿನೊಳಗಿರಲಿಲ್ಲ. 1926ರಲ್ಲಿ ಅವರು ಛಾಯಾಗ್ರಾಹಕ ಚಾರ್ಲ್ಸ್ ಮಾರ್ಟಿನ್ ಜೊತೆಗೂಡಿ, ತೇಲುವ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿಯನ್ನು ಸಿಡಿಸಿ, ಆ ಕ್ಷಣದ ಬೆಳಕಿನಲ್ಲಿ ಚಿತ್ರ ತೆಗೆದರು. ಮೈ ಸುಡಬಹುದಾದ ಅಪಾಯದ ಕೆಲಸವದು! 1927ರ ಜನವರಿಯಲ್ಲಿ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆ ಅವನ್ನು ಪ್ರಕಟಿಸಿತು. ನೀರಿನೊಳಗೆ ತೆಗೆದ ಮೊದಲ ಬಣ್ಣದ ಛಾಯಾಚಿತ್ರಗಳೆಂದು ಅವು ಹೆಸರಾಗಿವೆ.

ಇಂದು ತೆಪ್ಪ ಬೇಡ, ಫ್ಲ್ಯಾಶ್ ಕ್ಯಾಮೆರಾದಲ್ಲೇ ಇದೆ. ಆದರೆ ನೀರಿನ ನಿಯಮ ಬದಲಾಗಿಲ್ಲ. ಫ್ಲ್ಯಾಶ್ ಬೆಳಕು ಮೀನಿನವರೆಗೆ ಹೋಗಿ ಹಿಂದಿರುಗಬೇಕಲ್ಲವೆ? ಮೀನು 1 ಮೀಟರ್ ದೂರದಲ್ಲಿದ್ದರೆ ಬೆಳಕಿನ ಪಯಣ 2 ಮೀಟರ್. ಕೆಂಪಿನಲ್ಲಿ ಅರ್ಧದಷ್ಟು ಉಳಿಯುತ್ತದೆ. ಮೀನು 3 ಮೀಟರ್ ದೂರದಲ್ಲಿದ್ದರೆ ಸುಮಾರು ಶೇಕಡ 13 ಮಾತ್ರ. ಉಳಿದ ಕೆಂಪನ್ನು ತಂತ್ರಾಂಶ ಹಿಗ್ಗಿಸಬಲ್ಲದು. ಇಲ್ಲದ್ದನ್ನು ಮರಳಿ ತರಲಾರದು. ಮೀನಿನ ನಿಜವಾದ ಬಣ್ಣ ಬೇಕಾದರೆ, ಹವಳವನ್ನು ಮುಟ್ಟದಂತೆ, ಹತ್ತಿರ ಹೋಗಿ. ಲಾಂಗ್ಲಿಯವರಿಗೆ ಬಣ್ಣ ಬರಿಯ ಅಂದವಾಗಿರಲಿಲ್ಲ, ದತ್ತಾಂಶವಾಗಿತ್ತು ಎಂಬುದನ್ನು ಮರೆಯಬೇಡಿ.