ಆಟದ ಪೆಟ್ಟಿಗೆ: ಹಿಡಿ ಮೊದಲೋ, ಮರ ಮೊದಲೋ?

ನಾಣ್ಯ ಹಾಕಿ ನಿಂತು ಆಡುವ, ಬೀರುವಿನಷ್ಟು ಎತ್ತರದ ವಿಡಿಯೋ ಆಟದ ಯಂತ್ರಕ್ಕೆ ಆರ್ಕೇಡ್ ಪೆಟ್ಟಿಗೆ ಎಂದು ಹೆಸರು. ಇಂತಹದನ್ನು ಮನೆಯಲ್ಲಿಯೇ ಕಟ್ಟಲು ಹೊರಡುವ ಹವ್ಯಾಸಿಗೆ ಮೊದಲು ನೆನಪಾಗುವುದು ಪ್ಲೈವುಡ್ ಮತ್ತು ಗರಗಸ. ಗುಂಡಿ, ಹಿಡಿಗಳ ಯೋಚನೆ ಆಮೇಲೆ. ಆದರೆ ಈ ಯಂತ್ರಗಳ ಇತಿಹಾಸ ನೋಡಿದರೆ ಕೆಲಸ ಶುರುವಾಗಬೇಕಾದದ್ದು ಆಡುವವನ ಕೈಯಿಂದ ಎಂಬುದು ತಿಳಿಯುತ್ತದೆ.

1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಕಂಪ್ಯೂಟರಿಗಾಗಿ 'ಸ್ಪೇಸ್‌ವಾರ್' ಎಂಬ ಆಟ ಬರೆದರು. ಇಬ್ಬರು ಆಟಗಾರರು, ಎರಡು ನೌಕೆಗಳು. ಆಡಲು ಇದ್ದದ್ದು ಕಂಪ್ಯೂಟರಿನ ಮುಖಫಲಕದ ಸ್ವಿಚ್ಚುಗಳು ಮಾತ್ರ. ಪರದೆ ಒಂದು ಪಕ್ಕಕ್ಕಿದ್ದುದರಿಂದ ಒಬ್ಬನಿಗೆ ಅನುಕೂಲ, ಇನ್ನೊಬ್ಬನಿಗೆ ಅನ್ಯಾಯ. ಜೊತೆಗೆ ಮೊಣಕೈ ನೋವು. ಅಲನ್ ಕೋಟಕ್ ಮತ್ತು ರಾಬರ್ಟ್ ಸಾಂಡರ್ಸ್ ಸಂಸ್ಥೆಯ ಮಾದರಿ ರೈಲು ಕ್ಲಬ್ಬಿನಲ್ಲಿ ಸಿಕ್ಕ ಬಿಡಿಭಾಗಗಳಿಂದ ಕೈಯಲ್ಲಿ ಹಿಡಿಯುವ ನಿಯಂತ್ರಣ ಪೆಟ್ಟಿಗೆಗಳನ್ನು ಮಾಡಿದರು. ಅದರಲ್ಲಿ ಗುಂಡು ಹಾರಿಸುವ ಗುಂಡಿ ಸದ್ದು ಮಾಡುತ್ತಿರಲಿಲ್ಲ! ಯಾವಾಗ ಒತ್ತಿದೆ ಎಂಬುದು ಎದುರಾಳಿಗೆ ಕೇಳಿಸಬಾರದಲ್ಲ.

ಇದೇ ಆಟದಿಂದ ಪ್ರೇರಿತರಾಗಿ ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿ 1971ರಲ್ಲಿ 'ಕಂಪ್ಯೂಟರ್ ಸ್ಪೇಸ್' ತಂದರು. ಫೈಬರ್‌ಗ್ಲಾಸಿನ ಬಾಗುಬಳುಕಿನ ಪೆಟ್ಟಿಗೆ ಇಂದಿಗೂ ನೋಡಲು ಚೆಂದ. ಆದರೆ ಎಡಕ್ಕೆ ತಿರುಗಲು ಒಂದು, ಬಲಕ್ಕೆ ಒಂದು, ಮುನ್ನೂಕಲು ಒಂದು, ಗುಂಡು ಹಾರಿಸಲು ಒಂದು ಎಂದು ನಾಲ್ಕು ಗುಂಡಿಗಳನ್ನು ಕಲಿಯುವ ತಾಳ್ಮೆ ಬಾರಿಗೆ ಬಂದ ಗಿರಾಕಿಗೆ ಇರಲಿಲ್ಲ.

1972ರಲ್ಲಿ ಇವರ ಅಟಾರಿ ಕಂಪನಿಗೆ ಆಲ್ ಆಲ್ಕಾರ್ನ್ 'ಪಾಂಗ್' ರೂಪಿಸಿದಾಗ ಒಬ್ಬ ಆಟಗಾರನಿಗೆ ಇದ್ದದ್ದು ಒಂದೇ ತಿರುಗಿಸುವ ನಾಬ್. ಮಾದರಿಗೆ ಬಳಸಿದ್ದು ಅಂಗಡಿಯಲ್ಲಿ ಕೊಂಡ ಸಾಧಾರಣ ಕಪ್ಪು-ಬಿಳುಪು ಟೀವಿ. ಕ್ಯಾಲಿಫೋರ್ನಿಯದ ಸನಿವೇಲ್‌ನ ಒಂದು ಬಾರಿನಲ್ಲಿ ಇಟ್ಟ ಆ ಯಂತ್ರ ಕೆಲವೇ ದಿನಗಳಲ್ಲಿ ಕೆಟ್ಟುಹೋಯಿತು. ಬಿಚ್ಚಿ ನೋಡಿದರೆ ನಾಣ್ಯಗಳು ತುಂಬಿ ತುಳುಕಿದ್ದವು.

ಈ ನಾಬ್ ಕೆಲಸ ಮಾಡುವ ರೀತಿಯನ್ನು ತರಗತಿಯಲ್ಲಿ ವಿವರಿಸಬಹುದು. ಪಾಂಗ್‌ನಲ್ಲಿ ಮೈಕ್ರೊಪ್ರೊಸೆಸರ್ ಇರಲಿಲ್ಲ. ಟೀವಿಯ ಎಲೆಕ್ಟ್ರಾನ್ ಕಿರಣ ಸೆಕೆಂಡಿಗೆ 60 ಬಾರಿ ಪರದೆಯ ಮೇಲಿನಿಂದ ಕೆಳಕ್ಕೆ ಗೀಚುತ್ತಾ ಬರುತ್ತದೆ. ಅಂದರೆ ಒಂದು ಸಲಕ್ಕೆ ಸುಮಾರು 16.7 ಮಿಲಿಸೆಕೆಂಡು. ಪ್ರತಿ ಸಲವೂ 555 ಟೈಮರ್ ಚಾಲೂ ಆಗುತ್ತದೆ. ನಾಬಿನ ಪೊಟೆನ್ಶಿಯೋಮೀಟರ್ ಮೂಲಕ ಕೆಪಾಸಿಟರ್ ತುಂಬುವವರೆಗೆ ಕಾದು, ಆಮೇಲೆ ಬ್ಯಾಟನ್ನು ಚಿತ್ರಿಸಲಾಗುತ್ತದೆ. ರೋಧ ಹೆಚ್ಚಿದಷ್ಟೂ ಕಾಯುವ ಕಾಲ ಹೆಚ್ಚು, ಬ್ಯಾಟು ಕೆಳಕ್ಕೆ. ಕಾಲವು 1.1 × R × C. ಉದಾಹರಣೆಗೆ 0.1 ಮೈಕ್ರೊಫ್ಯಾರಡ್‌ನೊಂದಿಗೆ 73 ಕಿಲೋಓಮ್ ಇಟ್ಟರೆ 8 ಮಿಲಿಸೆಕೆಂಡು, ಹೆಚ್ಚುಕಡಿಮೆ ಪರದೆಯ ನಡುಭಾಗ. (ಈ ಬೆಲೆಗಳು ಲೆಕ್ಕಕ್ಕಾಗಿ ಮಾತ್ರ.) ಮಂಡಲದ ಮಿತಿಯಿಂದಾಗಿ ಬ್ಯಾಟು ಪರದೆಯ ತುತ್ತತುದಿಗೆ ಹೋಗುತ್ತಿರಲಿಲ್ಲ. ಆಲ್ಕಾರ್ನ್ ಅದನ್ನು ಸರಿಪಡಿಸಲಿಲ್ಲ. ಸರಿಪಡಿಸಿದ್ದರೆ ಇಬ್ಬರು ನುರಿತವರ ಆಟ ಮುಗಿಯುವುದೇ ಕಷ್ಟವಾಗುತ್ತಿತ್ತು.

ಮುಂದೆ ಗುಂಡಿಗಳು ಮತ್ತೆ ಹೆಚ್ಚಿದವು. 'ಆಸ್ಟರಾಯ್ಡ್ಸ್'ಗೆ (1979) ಐದು ಗುಂಡಿ; 1980ರ 'ಪ್ಯಾಕ್-ಮ್ಯಾನ್'ಗೆ ಮಾತ್ರ ನಾಲ್ಕು ದಿಕ್ಕಿನ ಒಂದೇ ಜಾಯ್‌ಸ್ಟಿಕ್. ಜಪಾನಿನ ತಯಾರಕರ ಸಂಘ 1980ರ ದಶಕದ ನಡುಭಾಗದಲ್ಲಿ 'ಜಾಮಾ' ಎಂಬ 56 ಸಂಪರ್ಕಗಳ ಮಾನಕ ತಂದಿತು. ಪೆಟ್ಟಿಗೆ ಅದೇ ಇರಲಿ, ಒಳಗಿನ ಬೋರ್ಡ್ ಮಾತ್ರ ಬದಲಾಯಿಸಿ ಎಂಬುದು ಇದರ ಉದ್ದೇಶ. ಒಬ್ಬನಿಗೆ ಒಂದು ಜಾಯ್‌ಸ್ಟಿಕ್, ಮೂರು ಗುಂಡಿ ಎಂದು ಲೆಕ್ಕ ಹಾಕಲಾಗಿತ್ತು. 1991ರಲ್ಲಿ 'ಸ್ಟ್ರೀಟ್ ಫೈಟರ್ 2' ಆರು ಗುಂಡಿ ಕೇಳಿತು. ಉಳಿದ ಮೂರಕ್ಕೆ ಬೇರೆಯದೇ ತಂತಿಕಟ್ಟು ಎಳೆಯಬೇಕಾಯಿತು, ಹಳೆಯ ಫಲಕಗಳಲ್ಲಿ ಹೊಸ ತೂತು ಕೊರೆಯಬೇಕಾಯಿತು.

1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ 'ಮೇಮ್' ತಂತ್ರಾಂಶ ಬಿಡುಗಡೆ ಮಾಡಿದ ಮೇಲೆ ಹಳೆಯ ಆಟಗಳು ಸಾಮಾನ್ಯ ಕಂಪ್ಯೂಟರಿನಲ್ಲಿ ನಡೆಯತೊಡಗಿದವು. ಮನೆಯಲ್ಲಿ ಪೆಟ್ಟಿಗೆ ಕಟ್ಟುವ ಹವ್ಯಾಸಕ್ಕೆ ಇದು ಇಂಬು ಕೊಟ್ಟಿತು, ಹಳೆಯ ತೊಡಕನ್ನೂ ತಂದಿತು. ನಾಬ್, ಜಾಯ್‌ಸ್ಟಿಕ್, ಟ್ರ್ಯಾಕ್‌ಬಾಲ್ ಎಲ್ಲವನ್ನೂ ಒಂದೇ ಫಲಕಕ್ಕೆ ತುರುಕಿದರೆ ಯಾವ ಆಟಕ್ಕೂ ಕೈ ಕೂರುವುದಿಲ್ಲ. ಎಂಟು ದಿಕ್ಕಿನ ಜಾಯ್‌ಸ್ಟಿಕ್‌ನಲ್ಲಿ ಪ್ಯಾಕ್-ಮ್ಯಾನ್ ಆಡಿ ನೋಡಿ: ಹಿಡಿ ಮೂಲೆಗೆ ಜಾರಿದಾಗ ಎರಡು ಸ್ವಿಚ್ಚು ಒಟ್ಟಿಗೆ ಒತ್ತಿ, ತಿರುವು ತಪ್ಪುತ್ತದೆ. ಕೀಲಿಮಣೆಯ ಮಂಡಲಕ್ಕೆ ಗುಂಡಿಗಳನ್ನು ಬೆಸೆದರೆ ಇನ್ನೊಂದು ಪೇಚು. ಅದು ಅಡ್ಡಸಾಲು, ಕಂಬಸಾಲುಗಳ ಜಾಲ. ಆಯತದ ಮೂರು ಮೂಲೆಗಳ ಕೀಲಿ ಒತ್ತಿದಾಗ ಒತ್ತದ ನಾಲ್ಕನೆಯದೂ ಒತ್ತಿದಂತೆ ಕಾಣಬಹುದು. ಪ್ರತಿ ಕೀಲಿಗೂ ಡಯೋಡ್ ಹಾಕಿದರೆ ಈ ಭೂತ ಓಡುತ್ತದೆ.

ಆದ್ದರಿಂದ ಮೊದಲು ಆಡುವ ಆಟಗಳ ಪಟ್ಟಿ, ಅದರಿಂದ ಹಿಡಿ-ಗುಂಡಿಗಳ ಪಟ್ಟಿ. ನಂತರ ರಟ್ಟಿನ ಮೇಲೆ ತೂತು ಕೊರೆದು, ಗುಂಡಿ ಕೂರಿಸಿ, ಇಬ್ಬರು ಅಕ್ಕಪಕ್ಕ ನಿಂತು ಅರ್ಧ ಗಂಟೆ ಆಡಬೇಕು. ಮಣಿಕಟ್ಟು ನೋಯುವುದು, ಮೊಣಕೈ ತಾಗುವುದು ಆಗಲೇ ಗೊತ್ತಾಗುತ್ತದೆ; ರಟ್ಟು ಬಿಸಾಡಿ ಇನ್ನೊಂದು ಮಾಡಬಹುದು. ತಂತಿ ಜೋಡಿಸಿ ಪರೀಕ್ಷಿಸಿದ ಮೇಲೆ ಫಲಕದ ಅಗಲ, ಪರದೆಯ ಅಳತೆ ಎರಡನ್ನೂ ಇಟ್ಟುಕೊಂಡು ಪಕ್ಕದ ಹಲಗೆ ಕೊಯ್ಯಬೇಕು. ಬಣ್ಣ, ಗಾಜು ಕೊನೆಗೆ. ಹಳೆಯ ಟೀವಿಯ ಚಿತ್ರನಳಿಗೆ ಬಳಸುವವರು ಅದರ ಹೊದಿಕೆಯನ್ನು ತಾವಾಗಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.