ಪ್ರವೇಶ ನಿರಾಕರಿಸಿದವರು ಯಾರು? ಕ್ರಿಪ್ಟೋ ವಿನಿಮಯ ಕೇಂದ್ರಗಳಲ್ಲಿ ಲಾಗಿನ್ ವೈಫಲ್ಯದ ನೆಲೆಗಳು

ಕ್ರಿಪ್ಟೋ ವಿನಿಮಯ ಕೇಂದ್ರದ ಖಾತೆ ತೆರೆದುಕೊಳ್ಳದಿದ್ದಾಗ ಬಹುತೇಕರ ಅನುಮಾನ ಮೊದಲು ಹೋಗುವುದು ಪಾಸ್‌ವರ್ಡ್ ಕಡೆಗೆ. ಅದನ್ನು ಬದಲಿಸುತ್ತಾರೆ, ಆ್ಯಪ್ ತೆಗೆದು ಮತ್ತೆ ಹಾಕಿಕೊಳ್ಳುತ್ತಾರೆ, ಮನೆಯ ಇನ್ನೊಬ್ಬರ ಫೋನಿನಿಂದ ಯತ್ನಿಸುತ್ತಾರೆ. ಹೊಸ ಪಾಸ್‌ವರ್ಡ್, ಹೊಸ ಸಾಧನ, ಹೊಸ ಜಾಲವಿಳಾಸ ಮೂರೂ ಸ್ವಲ್ಪ ಹೊತ್ತಿನಲ್ಲೇ ಒಟ್ಟಿಗೆ ಕಂಡರೆ ಕೇಂದ್ರದ ನಿಗಾ ವ್ಯವಸ್ಥೆ ಅದನ್ನು ಕಳ್ಳತನದ ಯತ್ನವೆಂದು ಓದಿ ಖಾತೆಗೆ ಬೀಗ ಹಾಕುವುದುಂಟು. ಮೂಲ ತೊಂದರೆ ಫೋನಿನ ಗಡಿಯಾರದಲ್ಲಿತ್ತೋ ಸಿಮ್‌ನಲ್ಲಿತ್ತೋ ಎಂಬುದು ಅಷ್ಟರಲ್ಲಿ ಹೂತುಹೋಗಿರುತ್ತದೆ.

ಈ ನಿರಾಕರಣೆ ಮೂರು ನೆಲೆಗಳಿಂದ ಬರುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ. ಸಂಕೇತವನ್ನು ಪರೀಕ್ಷಿಸುವ ಯಂತ್ರ ಒಂದು. ಇವರು ಯಾರೆಂದು ಕೇಳುವ ದಾಖಲೆ ವ್ಯವಸ್ಥೆ ಇನ್ನೊಂದು. ಕಾನೂನು ಅಥವಾ ಸಂಸ್ಥೆಯ ಆರ್ಥಿಕ ಸ್ಥಿತಿ ಮೂರನೆಯದು. ಬಳಕೆದಾರರಿಗೆ ಮಾತ್ರ ಮೂರೂ ಸಲ ಹೆಚ್ಚುಕಡಿಮೆ ಒಂದೇ ಸಂದೇಶ ಕಾಣುತ್ತದೆ. ಈ ಅಸ್ಪಷ್ಟತೆಗೆ ಮೊದಲ ನೆಲೆಯಲ್ಲಿ ಭದ್ರತೆಯ ಸಮರ್ಥನೆ ಇದೆ: ಇಮೇಲ್ ತಪ್ಪೋ ಪಾಸ್‌ವರ್ಡ್ ತಪ್ಪೋ ಎಂದು ಬಿಡಿಸಿ ಹೇಳಿದರೆ ಯಾವ ಇಮೇಲ್‌ಗೆ ಖಾತೆ ಇದೆಯೆಂದು ಕಳ್ಳರಿಗೂ ತಿಳಿಯುತ್ತದೆ. ಮೂರನೆಯ ನೆಲೆಗೆ ಬಂದಾಗ ಆ ಸಮರ್ಥನೆ ಬಹುಮಟ್ಟಿಗೆ ಉಳಿಯುವುದಿಲ್ಲ.

2009ರಲ್ಲಿ ಚಾಲನೆಗೆ ಬಂದ ಬಿಟ್‌ಕಾಯಿನ್ ಜಾಲದಲ್ಲಿ ಲಾಗಿನ್ ಎಂಬುದೇ ಇಲ್ಲ. ಖಾಸಗಿ ಕೀಲಿ ಯಾರ ಬಳಿ ಇದೆಯೋ ನಾಣ್ಯವನ್ನು ಸಾಗಿಸುವ ಅಧಿಕಾರ ಅವರದು. ಕೀಲಿ ಕಳೆದರೆ ಮರಳಿ ಕೊಡುವವರಿಲ್ಲ. ಖಾತೆ, ಪಾಸ್‌ವರ್ಡ್, ಗ್ರಾಹಕ ಸೇವೆ ಮೂರನ್ನೂ ಮರಳಿ ತಂದದ್ದು ವಿನಿಮಯ ಕೇಂದ್ರ. 2010ರಲ್ಲಿ ಆರಂಭವಾದ ಮೌಂಟ್ ಗಾಕ್ಸ್ ಆಗಲಿ, 2013ರಲ್ಲಿ ನಮ್ಮ ತುಮಕೂರಿನಲ್ಲಿ ಹುಟ್ಟಿದ ಯೂನೋಕಾಯಿನ್ ಆಗಲಿ, ಗ್ರಾಹಕರ ಪರವಾಗಿ ಕೀಲಿಗಳನ್ನು ತಾವು ಇಟ್ಟುಕೊಂಡವು. ಗ್ರಾಹಕರ ಕೈಯಲ್ಲಿ ಉಳಿದದ್ದು ಕೇಂದ್ರದ ಲೆಕ್ಕಪುಸ್ತಕದಲ್ಲಿನ ಒಂದು ನಮೂದು. ಲಾಗಿನ್ ಎಂದರೆ ಆ ನಮೂದು ತನ್ನದೆಂದು ಪ್ರತಿ ಸಲವೂ ಸಲ್ಲಿಸುವ ಅರ್ಜಿ. ಅರ್ಜಿ ಎಂದಮೇಲೆ ಅದನ್ನು ತಿರಸ್ಕರಿಸುವ ಅಧಿಕಾರವೂ ಒಬ್ಬರ ಕೈಯಲ್ಲಿ ಇದ್ದೇ ಇರುತ್ತದೆ.

ಯಂತ್ರದ ನೆಲೆಯಿಂದ ಆರಂಭಿಸೋಣ. ಅಥೆಂಟಿಕೇಟರ್ ಆ್ಯಪ್ ತೋರಿಸುವ ಆರಂಕಿ ಸಂಖ್ಯೆಯ ಹಿಂದಿರುವುದು 2011ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 6238 ಎಂಬ ಮಾನದಂಡ. ನೋಂದಣಿಯ ದಿನ ಕ್ಯೂಆರ್ ಚಿತ್ರದ ಮೂಲಕ ಒಂದು ಗುಪ್ತ ಕೀಲಿ ಫೋನಿಗೆ ಬಂದು ಕೂರುತ್ತದೆ; ಅದೇ ಕೀಲಿ ಕೇಂದ್ರದ ಸರ್ವರ್‌ನಲ್ಲೂ ಇರುತ್ತದೆ. 1970ರ ಜನವರಿ 1ರಿಂದ ಈವರೆಗೆ ಕಳೆದ ಸೆಕೆಂಡುಗಳನ್ನು 30ರ ತುಂಡುಗಳಾಗಿ ಎಣಿಸಿ, ಆ ಎಣಿಕೆಯನ್ನೂ ಕೀಲಿಯನ್ನೂ ಬೆರೆಸಿ ಇಬ್ಬರೂ ಬೇರೆಬೇರೆಯಾಗಿ ಸಂಖ್ಯೆ ತೆಗೆಯುತ್ತಾರೆ. ಫೋನಿಗೂ ಸರ್ವರ್‌ಗೂ ನಡುವೆ ಆ ಕ್ಷಣ ಮಾತುಕತೆ ನಡೆಯುವುದಿಲ್ಲ. ಇಬ್ಬರೂ ನಂಬಿರುವುದು ಗಡಿಯಾರವನ್ನು. ಜಾಲದ ವಿಳಂಬಕ್ಕೆಂದು ಒಂದು ತುಂಡಿನಷ್ಟು ಸಡಿಲಿಕೆ ಸಾಕು ಎಂಬುದು ಮಾನದಂಡದ ಶಿಫಾರಸು.

ಇಲ್ಲಿ ಪ್ರಯಾಣಿಕರನ್ನು ಕಾಡುವ ಒಂದು ಸೂಕ್ಷ್ಮವಿದೆ. ಮಂಗಳೂರಿನಿಂದ ದುಬೈಗೆ ಹೋದವರು ಫೋನಿನ ಸಮಯವಲಯ ಬದಲಿಸಿದರೆ ಏನೂ ಆಗದು, ಏಕೆಂದರೆ ಒಳಗಿನ ಎಣಿಕೆ ಜಾಗತಿಕ ಕಾಲಮಾನದ್ದು. ಆದರೆ ವಲಯವನ್ನು ಭಾರತದಲ್ಲೇ ಬಿಟ್ಟು ಗಂಟೆಯನ್ನಷ್ಟೇ ಒಂದೂವರೆ ತಾಸು ಹಿಂದಕ್ಕೆ ತಿರುಗಿಸಿದರೆ ಒಳಗಿನ ಎಣಿಕೆಯೇ 180 ತುಂಡುಗಳಷ್ಟು ಹಿಂದೆ ಬೀಳುತ್ತದೆ. ಗೋಡೆಯ ಗಡಿಯಾರಕ್ಕೂ ಫೋನಿಗೂ ತಾಳೆಯಾಗುತ್ತದೆ, ಸಂಖ್ಯೆಗಳೆಲ್ಲ ತಿರಸ್ಕೃತವಾಗುತ್ತವೆ. ದಿನಾಂಕ ಮತ್ತು ಸಮಯವನ್ನು ಸ್ವಯಂಚಾಲಿತಕ್ಕೆ ತಂದರೆ ಸಾಕು. ಪಾಸ್‌ವರ್ಡ್ ಮುಟ್ಟುವ ಅಗತ್ಯವೇ ಇಲ್ಲ. ಸರ್ವರ್‌ಗಳ ಕಡೆಯ ಗಡಿಯಾರದ ಬಗ್ಗೆ ನಮ್ಮಲ್ಲಿ ಸರ್ಕಾರಿ ಆದೇಶವೇ ಇದೆ. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಸೇವಾ ಸಂಸ್ಥೆಗಳ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತಪ್ರಯೋಗಾಲಯದ ಕಾಲಮಾನಕ್ಕೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಮೂಲಕ್ಕೆ ಹೊಂದಿಸಲು ಹೇಳಿತು. ಕ್ರಿಪ್ಟೋ ಸೇವಾ ಸಂಸ್ಥೆಗಳು ಗ್ರಾಹಕರ ಗುರುತಿನ ದಾಖಲೆಗಳನ್ನು ಐದು ವರ್ಷ ಕಾಪಿಡಬೇಕೆಂದದ್ದೂ ಇದೇ ನಿರ್ದೇಶನ.

ಫೋನ್ ಕಳೆದರೆ ಅಥವಾ ಬದಲಾದರೆ ಕೀಲಿಯೂ ಹೋಗುತ್ತದೆ. ಗೂಗಲ್ ಅಥೆಂಟಿಕೇಟರ್‌ಗೆ ಮೋಡಸಂಗ್ರಹದ ಸೌಲಭ್ಯ ಬಂದದ್ದು 2023ರ ಏಪ್ರಿಲ್‌ನಲ್ಲಿ. ಅದನ್ನು ಬಳಸದೆ, ಬ್ಯಾಕಪ್ ಸಂಕೇತವನ್ನೂ ಬರೆದಿಟ್ಟುಕೊಳ್ಳದವರಿಗೆ ಸಹಾಯ ವಿಭಾಗವನ್ನು ಬಿಟ್ಟರೆ ಗತಿಯಿಲ್ಲ. ಮರುನೋಂದಣಿ ಮಾಡಿದವರ ಆ್ಯಪ್‌ನಲ್ಲಿ ಒಂದೇ ಹೆಸರಿನ ಹಳೆಯ ಮತ್ತು ಹೊಸ ನಮೂದು ಎರಡೂ ಉಳಿದು, ಹಳೆಯದರ ಸಂಖ್ಯೆಯನ್ನೇ ಹಾಕುತ್ತ ಕೂರುವುದೂ ಅಪರೂಪವಲ್ಲ.

ಎಸ್‌ಎಂಎಸ್ ಒಟಿಪಿಯ ಕಥೆ ಬೇರೆ. ಅಲ್ಲಿ ಕೇಂದ್ರಕ್ಕೂ ಗ್ರಾಹಕರಿಗೂ ನಡುವೆ ಮೊಬೈಲ್ ಕಂಪನಿ ಮತ್ತು ನಿಯಂತ್ರಕರು ನಿಂತಿರುತ್ತಾರೆ. 2021ರ ಮಾರ್ಚ್‌ನಲ್ಲಿ ವಾಣಿಜ್ಯ ಸಂದೇಶಗಳ ಮಾದರಿಗಳನ್ನು ತಾಳೆ ನೋಡುವ ವ್ಯವಸ್ಥೆ ಜಾರಿಯಾದ ಕೂಡಲೇ ದೇಶದಾದ್ಯಂತ ಒಟಿಪಿಗಳು ತಲುಪದೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಅದನ್ನು ಏಳು ದಿನ ಅಮಾನತಿನಲ್ಲಿ ಇಡಬೇಕಾಯಿತು. ಆ ದಿನ ಲಾಗಿನ್ ಆಗದವರ ಖಾತೆಯಲ್ಲಾಗಲಿ ಫೋನಿನಲ್ಲಾಗಲಿ ದೋಷವೇ ಇರಲಿಲ್ಲ. ಸಿಮ್ ಬದಲಿಸಿದ ಮೊದಲ 24 ಗಂಟೆ ಎಸ್‌ಎಂಎಸ್ ಸ್ಥಗಿತವಾಗಿರುತ್ತದೆ; ಇದು ವಂಚನೆ ತಡೆಯಲು ದೂರಸಂಪರ್ಕ ಇಲಾಖೆ ತಂದ ನಿಯಮ. ವಿದೇಶಕ್ಕೆ ಹೋಗಿ ಭಾರತದ ಸಿಮ್‌ಗೆ ರೀಚಾರ್ಜ್ ಮಾಡಿಸದೆ ಬಿಟ್ಟ ಕನ್ನಡಿಗರ ಸ್ಥಿತಿ ಇನ್ನೂ ಕಠಿಣ: ಸಂಪರ್ಕ ಕಡಿತವಾದ ಸಂಖ್ಯೆಯನ್ನು 90 ದಿನ ಕಳೆದ ಮೇಲೆ ಬೇರೊಬ್ಬರಿಗೆ ಕೊಡಬಹುದು. ಆಮೇಲೆ ಆ ಖಾತೆಯ ಒಟಿಪಿ ಬರುವುದು ಅಪರಿಚಿತರೊಬ್ಬರ ಫೋನಿಗೆ.

ಸಂಖ್ಯೆಯನ್ನು ಕಸಿದುಕೊಳ್ಳುವುದೂ ಸಾಧ್ಯ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2020ರ ಅಧ್ಯಯನದಲ್ಲಿ ಅಮೆರಿಕದ ಐದು ಮೊಬೈಲ್ ಕಂಪನಿಗಳ ಬಳಿ ತಲಾ ಹತ್ತು ಸಲ ಸಿಮ್ ಬದಲಾವಣೆಗೆ ಯತ್ನಿಸಿದರು. 50ರಲ್ಲಿ 39 ಯತ್ನಗಳು ಫಲಿಸಿದವು. ಮೈಕೆಲ್ ಟರ್ಪಿನ್ ಎಂಬ ಅಮೆರಿಕನ್ ಹೂಡಿಕೆದಾರರು 2018ರ ಜನವರಿಯಲ್ಲಿ ಇದೇ ಬಗೆಯ ಸಿಮ್ ಅಪಹರಣದಿಂದ ಸುಮಾರು 2.4 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳೆದುಕೊಂಡೆನೆಂದು ಎಟಿ ಆ್ಯಂಡ್ ಟಿ ವಿರುದ್ಧ ಮೊಕದ್ದಮೆ ಹೂಡಿದರು.

ಖಾತೆ ಮರುಪಡೆಯುವ ದಾರಿಯೇ ಕಳ್ಳರ ದಾರಿಯೂ ಹೌದು ಎಂಬುದು ಇಡೀ ವಿಷಯದ ತಿರುಳು. 2021ರ ಮಾರ್ಚ್‌ನಿಂದ ಮೇ ತನಕ ಕಾಯಿನ್‌ಬೇಸ್ ಎಂಬ ವಿನಿಮಯ ಕೇಂದ್ರದ ಕನಿಷ್ಠ 6,000 ಗ್ರಾಹಕರ ಖಾತೆಗಳಿಂದ ಹಣ ಹೋಯಿತು. ಕಳ್ಳರ ಬಳಿ ಆ ಗ್ರಾಹಕರ ಇಮೇಲ್, ಪಾಸ್‌ವರ್ಡ್ ಮತ್ತು ಫೋನ್ ಸಂಖ್ಯೆ ಮೊದಲೇ ಇದ್ದವು. ಉಳಿದ ಎರಡನೆಯ ಹಂತವನ್ನು ದಾಟಲು ಅವರು ಬಳಸಿದ್ದು ಎಸ್‌ಎಂಎಸ್ ಮೂಲಕ ಖಾತೆ ಮರುಪಡೆಯುವ ವ್ಯವಸ್ಥೆಯ ದೋಷವನ್ನು. ಮರೆತವರಿಗೆಂದು ಸುಲಭಗೊಳಿಸಿದ್ದು ಕದಿಯುವವರಿಗೂ ಸುಲಭವಾಯಿತು. ಪಾಸ್‌ವರ್ಡ್ ಬದಲಿಸಿದ ಮೇಲೆ ಅನೇಕ ಕೇಂದ್ರಗಳು ಒಂದು ದಿನವೋ ಎರಡು ದಿನವೋ ಹಣ ಹಿಂಪಡೆಯಲು ಬಿಡುವುದಿಲ್ಲ. ಗ್ರಾಹಕರು ಅದನ್ನು ಶಪಿಸುತ್ತಾರೆ. ಈ ವಿಳಂಬವನ್ನು ನಾನು ಸಮರ್ಥಿಸುತ್ತೇನೆ. ಹಿಂದಕ್ಕೆ ತರಲಾಗದ ವಹಿವಾಟಿನಲ್ಲಿ ನಿಜವಾದ ಖಾತೆದಾರರಿಗೆ ಎಚ್ಚರಗೊಳ್ಳಲು ಸಿಗುವ ಕಾಲ ಅದೊಂದೇ.

ಸಹಾಯ ವಿಭಾಗದ ಮನುಷ್ಯರೂ ಈ ದಾರಿಯ ಭಾಗವೇ. 2025ರ ಮೇ ತಿಂಗಳಲ್ಲಿ ಕಾಯಿನ್‌ಬೇಸ್, ಅಮೆರಿಕದ ಹೊರಗಿನ ಗ್ರಾಹಕ ಸೇವಾ ನೌಕರರಿಗೆ ಲಂಚ ಕೊಟ್ಟು ಮಾಹಿತಿ ಕದ್ದ ಪ್ರಕರಣವನ್ನು ಬಹಿರಂಗಪಡಿಸಿತು. 69,461 ಜನರ ವಿವರಗಳು ಹೊರಹೋಗಿದ್ದವು. ಪಾಸ್‌ವರ್ಡ್‌ಗಳಾಗಲಿ ಖಾಸಗಿ ಕೀಲಿಗಳಾಗಲಿ ಅದರಲ್ಲಿ ಇರಲಿಲ್ಲ. ಕಳ್ಳರಿಗೆ ಬೇಕಿದ್ದದ್ದು ಕಾಯಿನ್‌ಬೇಸ್‌ನವರಂತೆ ನಂಬಿಕೆ ಹುಟ್ಟುವ ಹಾಗೆ ಫೋನಿನಲ್ಲಿ ಮಾತನಾಡಲು ಸಾಕಾಗುವಷ್ಟು ವಿವರ. ಲಾಗಿನ್ ಆಗದೆ ಗಾಬರಿಗೊಂಡು ಅಂತರ್ಜಾಲದಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುವವರು ಇಂಥವರ ಕೈಗೆ ತಾವಾಗಿ ಸಿಗುತ್ತಾರೆ. ಒಟಿಪಿ ಕೇಳುವವರು, ಫೋನಿನ ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಸುವವರು ಯಾವ ಕೇಂದ್ರದ ಸಿಬ್ಬಂದಿಯೂ ಅಲ್ಲ. ಹಣ ಹೋದದ್ದು ಗೊತ್ತಾದ ಕ್ಷಣ ಕರೆ ಮಾಡಬೇಕಾದದ್ದು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ.

ದಾಖಲೆಯ ನೆಲೆಯಲ್ಲಿ ಕರ್ನಾಟಕದವರಿಗೆ ವಿಶೇಷವಾಗಿ ತಟ್ಟುವ ತೊಡಕು ಹೆಸರಿನದು. ನಮ್ಮಲ್ಲಿ ಊರು, ತಂದೆಯ ಹೆಸರು ಇನಿಷಿಯಲ್ ಆಗಿ ಹೆಸರಿನ ಹಿಂದೆಯೋ ಮುಂದೆಯೋ ಬರುತ್ತವೆ. ಅಡ್ಡಹೆಸರು ಎಲ್ಲರಿಗೂ ಇಲ್ಲ. ಪ್ಯಾನ್ ಅರ್ಜಿಯ 49ಎ ನಮೂನೆಯಾದರೋ ಹೆಸರಿನ ಮೊದಲ ಮತ್ತು ಕೊನೆಯ ಭಾಗಗಳಲ್ಲಿ ಇನಿಷಿಯಲ್ ಬೇಡವೆಂದೇ ಹೇಳುತ್ತ ಬಂದಿದೆ. ಹೀಗಾಗಿ ಆಧಾರ್‌ನಲ್ಲಿ ‘ಮಂಜುನಾಥ ಬಿ. ಎಸ್.’ ಆಗಿರುವವರು ಪ್ಯಾನ್‌ನಲ್ಲಿ ಊರಿನ ಮತ್ತು ತಂದೆಯ ಹೆಸರು ಬಿಡಿಸಿಕೊಂಡು ಮೂರು ಪದಗಳಾಗಿರುತ್ತಾರೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಕ್ರಮದಲ್ಲಿರುತ್ತಾರೆ. ರೋಮನ್ ಲಿಪಿಗೆ ಹೋದಾಗ ‘ಲಕ್ಷ್ಮಿ’ಯ ಕಾಗುಣಿತ ಒಂದೊಂದು ಕಚೇರಿಯಲ್ಲಿ ಒಂದೊಂದು ಬಗೆ. ಬ್ಯಾಂಕ್ ಖಾತೆಗೆ ಒಂದು ರೂಪಾಯಿ ಹಾಕಿ, ಬಂದ ಹೆಸರನ್ನು ಪ್ಯಾನ್‌ಗೆ ತಾಳೆ ನೋಡುವ ತಂತ್ರಾಂಶಕ್ಕೆ ಇವರೆಲ್ಲ ಬೇರೆಬೇರೆ ವ್ಯಕ್ತಿಗಳು. ಖಾತೆ ತೆರೆಯುವಾಗ ಹೇಗೋ ದಾಟಿದ ಈ ವ್ಯತ್ಯಾಸ, ಫೋನ್ ಕಳೆದು ಮರುಪರಿಶೀಲನೆಗೆ ನಿಂತಾಗ ಎದುರಾಗುತ್ತದೆ. ಅಂದರೆ ಬೇರೆ ಯಾವ ಪುರಾವೆಯೂ ಕೈಯಲ್ಲಿಲ್ಲದ ಹೊತ್ತಿನಲ್ಲಿ. ಆದ್ದರಿಂದ ಮೂರೂ ದಾಖಲೆಗಳನ್ನು ಒಂದೇ ಹೆಸರಿಗೆ ತರುವ ಕೆಲಸ ತೊಂದರೆ ಬರುವುದಕ್ಕೆ ಮೊದಲೇ ಆಗಬೇಕಾದದ್ದು.

ಮೂರನೆಯ ನೆಲೆಗೆ ನಮ್ಮ ದೇಶದ ಸ್ಪಷ್ಟ ಉದಾಹರಣೆ 2023ರ ಡಿಸೆಂಬರ್ 28ರದ್ದು. ಅದೇ ವರ್ಷದ ಮಾರ್ಚ್‌ನಲ್ಲಿ ಕ್ರಿಪ್ಟೋ ಸೇವೆಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿದ್ದವು. ಹಣಕಾಸು ಗುಪ್ತಚರ ಘಟಕ, ನೋಂದಾಯಿಸಿಕೊಳ್ಳದ ಬೈನಾನ್ಸ್, ಕೂಕಾಯಿನ್ ಸೇರಿ ಒಂಬತ್ತು ವಿದೇಶಿ ಕೇಂದ್ರಗಳಿಗೆ ನೋಟಿಸ್ ಕೊಟ್ಟು, ಅವುಗಳ ಜಾಲತಾಣಗಳನ್ನು ತಡೆಯಲು ಕೋರಿತು; ಮುಂದಿನ ತಿಂಗಳು ಆ್ಯಪ್‌ಗಳೂ ಕಾಣೆಯಾದವು. ಪುಟ ತೆರೆಯದಿದ್ದಾಗ ತಾವಿರುವ ಜಾಗವನ್ನು ಮರೆಮಾಚುವ ವಿಪಿಎನ್ ಹಾಕಿ ಒಳಹೊಕ್ಕವರು ತಮಗೇ ಇನ್ನೊಂದು ತೊಂದರೆ ತಂದುಕೊಂಡರು: ನಿಗಾ ವ್ಯವಸ್ಥೆಗೆ ಅವರು ಭಾರತದ ದಾಖಲೆ ಇರುವ, ಬೇರೆ ದೇಶದಿಂದ ಬರುತ್ತಿರುವ ಶಂಕಿತರು. ಕಾನೂನಿನ ತಡೆ ಯಂತ್ರದ ತಡೆಯಾಗಿ, ಅಲ್ಲಿಂದ ಗುರುತಿನ ತಡೆಯಾಗಿ ಬದಲಾಗುವ ದಾರಿ ಇದು. ಆದ್ದರಿಂದ ಲಾಗಿನ್ ಆಗದಿದ್ದಾಗ ಮೊದಲು ನೋಡಬೇಕಾದದ್ದು ಕೇಂದ್ರವೇ ನಡೆಯುತ್ತಿದೆಯೇ ಎಂಬುದನ್ನು. ಆಮೇಲೆ ಗಡಿಯಾರ, ಆಮೇಲೆ ಸಿಮ್, ಪಾಸ್‌ವರ್ಡ್ ಬದಲಾವಣೆ ಕಟ್ಟಕಡೆಗೆ.

ಲಾಗಿನ್ ಸರಾಗವಾಗಿ ಆಗಿಯೂ ಪ್ರವೇಶ ಸಿಗದ ಸ್ಥಿತಿಯನ್ನು ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರದ ಗ್ರಾಹಕರು ಕಂಡರು. 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳವಾದ ಬಳಿಕ ಹಿಂಪಡೆಯುವಿಕೆ ನಿಂತಿತು. ಪಾಸ್‌ವರ್ಡ್ ಸರಿ, ಒಟಿಪಿ ಸರಿ, ಪರದೆಯ ಮೇಲೆ ಮೊತ್ತವೂ ಇದೆ, ಅದನ್ನು ಮುಟ್ಟುವಂತಿಲ್ಲ. ಮಾತೃಸಂಸ್ಥೆಯ ಪುನಾರಚನೆಯ ವಿಚಾರಣೆ ಸಿಂಗಪುರದ ಹೈಕೋರ್ಟಿನಲ್ಲಿ ನಡೆದು, ವಹಿವಾಟು ಮರಳಿ ಆರಂಭವಾದದ್ದು 2025ರ ಅಕ್ಟೋಬರ್‌ನಲ್ಲಿ. ಅದೇ ತಿಂಗಳು ಮದ್ರಾಸ್ ಹೈಕೋರ್ಟ್, ಈ ಕೇಂದ್ರದಲ್ಲಿ ಎಕ್ಸ್‌ಆರ್‌ಪಿ ನಾಣ್ಯ ಇಟ್ಟಿದ್ದ ಒಬ್ಬ ಹೂಡಿಕೆದಾರರ ಅರ್ಜಿಯಲ್ಲಿ, ಕ್ರಿಪ್ಟೋ ನಾಣ್ಯ ಒಂದು ಬಗೆಯ ಸ್ವತ್ತು, ಅದನ್ನು ಇನ್ನೊಬ್ಬರ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಳ್ಳಲು ಬರುತ್ತದೆ ಎಂದು ಹೇಳಿತು.

ಖಾತೆಯಲ್ಲಿರುವುದು ಸ್ವತ್ತಾದರೆ, ಅದಕ್ಕೆ ಬೀಗ ಹಾಕಿದವರು ಒಡೆಯರಿಗೆ ಉತ್ತರದಾಯಿಗಳು. ಎಲ್ಲವನ್ನೂ ಬಿಡಿಸಿ ಹೇಳಿ ಎಂದು ಕೇಳುವಂತಿಲ್ಲ ಎಂಬುದು ನಿಜ: ಅನುಮಾನಾಸ್ಪದ ವಹಿವಾಟಿನ ವರದಿ ಸಲ್ಲಿಸಿದ್ದನ್ನು ಗ್ರಾಹಕರಿಗೆ ತಿಳಿಸುವುದು ನಿಷಿದ್ಧ. ಆದರೆ ಕೆಟ್ಟ ಗಡಿಯಾರಕ್ಕೂ ತಾಳೆಯಾಗದ ಹೆಸರಿಗೂ ನಿಂತುಹೋದ ಸಂಸ್ಥೆಗೂ ಆ ನಿಷೇಧದ ಮರೆ ಸಲ್ಲದು. ಯಾವ ಮೆಟ್ಟಿಲಲ್ಲಿ ಅರ್ಜಿ ನಿಂತಿದೆ, ಯಾವ ದಾಖಲೆ ಬೇಕು, ಎಷ್ಟು ದಿನದೊಳಗೆ ತೀರ್ಮಾನ, ತಿರಸ್ಕಾರವಾದರೆ ಮೇಲ್ಮನವಿ ಯಾರಿಗೆ ಎಂಬುದನ್ನು ಲಿಖಿತವಾಗಿ ಕೊಡುವ ಹೊಣೆ ಕೇಂದ್ರದ್ದು. ಖಾತೆಗೆ ಬೀಗ ಬಿದ್ದಿರುವಾಗಲೂ ವಹಿವಾಟಿನ ಪಟ್ಟಿಯನ್ನಾದರೂ ಗ್ರಾಹಕರು ತೆಗೆದುಕೊಳ್ಳುವಂತಿರಬೇಕು. 2022ರಿಂದ ಕ್ರಿಪ್ಟೋ ಲಾಭದ ಮೇಲೆ ಶೇ. 30ರ ತೆರಿಗೆ ಇದೆ. ಆದಾಯ ತೆರಿಗೆ ವಿವರ ಸಲ್ಲಿಸುವ ಗಡುವು ಯಾರ ಖಾತೆ ತೆರೆಯಿತು, ಯಾರದು ತೆರೆಯಲಿಲ್ಲ ಎಂದು ನೋಡಿ ನಿಲ್ಲುವುದಿಲ್ಲ.